ಸೀಮೆಎಣ್ಣೆ ವಾಸನೆಯ ಹಸಿರು ಪುಸ್ತಕ

ಗೈಡು ಪಿಎಚ್‌ಡಿ ಪ್ರಬಂಧದ ಕಟ್ಟನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿ, ಕನ್ನಡಕ ಒರೆಸುತ್ತಾ ಕೂತರು. ಅವಳು ಮೊದಲ ಹಾಳೆ ತಿರುವಿದಳು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಪದ: ‘ಎಲ್ಲಿಂದ?’ ಮುಂದಿನ ಹಾಳೆಯಲ್ಲೂ ಅದೇ. ಅದರ ಮುಂದಿನದರಲ್ಲಿ ಮೇಲೊಂದು, ಕೆಳಗೊಂದು. ಮೂರನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಗೈಡಿಗೂ ಬರೆದು ಬರೆದು ಸಾಕಾಗಿತ್ತೋ ಏನೋ, ಬರೀ ಪ್ರಶ್ನೆಯ ಕೊಕ್ಕೆ ಹಾಕುತ್ತಾ ಹೋಗಿದ್ದರು. ಹಾಳೆಯ ತುಂಬ ಕೆಂಪು ಕುಡುಗೋಲು ನೇತುಹಾಕಿದ ಹಾಗಿತ್ತು.

“ಬರವಣಿಗೆ ಚೆನ್ನಾಗಿದೆಯಮ್ಮ,” ಎಂದರು ಕೊನೆಗೆ. “ಆದ್ರೆ ಇದನ್ನ ನೀನು ಹೇಳ್ತಿದ್ದೀಯೋ, ಇನ್ಯಾರೋ ಹೇಳಿದ್ದೋ, ನನಗೆ ಹೇಗೆ ಗೊತ್ತಾಗ್ಬೇಕು? ಯಾರು ಬರೆದದ್ದು, ಯಾವ ಪುಸ್ತಕ, ಯಾವ ವರ್ಷ, ಎಷ್ಟನೇ ಪುಟ. ಇಷ್ಟಿಲ್ಲದಿದ್ರೆ ಇದು ಪ್ರಬಂಧ ಅಲ್ಲ, ಜಗಲಿ ಮೇಲಿನ ಹರಟೆ.”

ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಓದಿದ್ದಕ್ಕೆಲ್ಲ ಅಲ್ಲಲ್ಲೇ ಗುರುತು ಹೇಳಬೇಕು, ಕೊನೆಯಲ್ಲಿ ಪುಸ್ತಕಗಳ ಹೆಸರನ್ನೆಲ್ಲ ಸಾಲಾಗಿ ಜೋಡಿಸಬೇಕು ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಅಡುಗೆ ಮೊದಲು ಆಗಲಿ, ಪಾತ್ರೆ ಆಮೇಲೆ ತೊಳೆದರಾಯಿತು ಎನ್ನುವ ಹೆಂಗಸಿನ ಹಾಗೆ ಅವಳು ಅದನ್ನು ಹಿಂದಕ್ಕೆ ತಳ್ಳಿಕೊಂಡೇ ಬಂದಿದ್ದಳು. ಈಗ ಎರಡು ಸಲ ಮುಂದೂಡಿಸಿಕೊಂಡಿದ್ದ ಅವಧಿ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಮೂರನೆಯ ಸಲ ಕೇಳುವ ಹಾಗೇ ಇಲ್ಲವೆಂದು ಗೈಡು ಮೊದಲೇ ಹೇಳಿಬಿಟ್ಟಿದ್ದರು. ಅವಳು ಪಾಠ ಮಾಡುವ ಕಾಲೇಜಿನ ಫಲಕದ ಮೇಲೆ ಇನ್ನೊಂದು ಕಾಗದ ಅಂಟಿತ್ತು: ಪಿಎಚ್‌ಡಿ ಪದವಿ ಇಲ್ಲದ ತಾತ್ಕಾಲಿಕ ಶಿಕ್ಷಕರನ್ನು ಮುಂದಿನ ವರ್ಷದಿಂದ ಇಟ್ಟುಕೊಳ್ಳುವುದಿಲ್ಲ. ಹತ್ತು ವರ್ಷಕ್ಕೂ ಮೇಲೆ ಚರಿತ್ರೆ ಪಾಠ ಮಾಡಿದ್ದರೂ ಅವಳಿನ್ನೂ ತಾತ್ಕಾಲಿಕವೇ.

ಗಂಡನದು ಗಡಿಯಾರ ರಿಪೇರಿಯ ಅಂಗಡಿ. ಎರಡು ವರ್ಷದಿಂದ ಅವನ ಕಣ್ಣಿಗೆ ಮಂಜು ಕವಿದು, ಚಿಕ್ಕ ತಿರುಪುಮೊಳೆಗಳು ಎರಡೆರಡಾಗಿ ಕಾಣುತ್ತಿದ್ದವು. ಅಂಗಡಿಯ ಬಾಗಿಲು ತೆಗೆದು ಕೂರುತ್ತಿದ್ದ, ಅಷ್ಟೆ. ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲಿ.

ಆದರೂ ಅವತ್ತು ಗೈಡಿನ ಕೋಣೆಯಿಂದ ಹೊರಗೆ ಬರುವಾಗ ಅವಳೇನೂ ಅಷ್ಟು ಹೆದರಿರಲಿಲ್ಲ. ಚೀಟಿಗಳಿವೆಯಲ್ಲ, ಎಂದುಕೊಂಡಳು.

ಅವಳಿಗೆ ಚೀಟಿ ಟೀಚರ್ ಎಂದು ಹೆಸರಿಟ್ಟವರು ಅವಳ ವಿದ್ಯಾರ್ಥಿಗಳೇ. ಪಾಠ ಮಾಡುವಾಗ ಹಾಜರಿ ಪುಸ್ತಕದಿಂದ ಒಂದು ಚೀಟಿ ಬೀಳುತ್ತಿತ್ತು, ಚೀಲದಿಂದ ಕರ್ಚೀಫು ತೆಗೆದರೆ ಇನ್ನೊಂದು, ಒಂದು ಸಲ ತುರುಬಿನಿಂದಲೇ ಒಂದು ಉದುರಿ ಇಡೀ ತರಗತಿ ನಕ್ಕಿತ್ತು. ಬಸ್ ಟಿಕೆಟ್ಟು, ಕ್ಯಾಲೆಂಡರಿನ ಹಳೆಯ ಹಾಳೆ, ಮಾತ್ರೆಯ ಪೊಟ್ಟಣ, ಎಲ್ಲದರ ಬೆನ್ನಿಗೂ ಏನಾದರೂ ಬರೆದಿರುತ್ತಿದ್ದಳು. ಅವಳ ಓದೆಲ್ಲ ನಡೆದದ್ದು ಊರಿನ ಹಳೆಯ ಲೈಬ್ರರಿಯಲ್ಲಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಮಗಳು ಆಗ ಕೂಸು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಪುಸ್ತಕ. ಕೂಸು ಪುಸ್ತಕಕ್ಕೆ ಕೈ ಹಾಕುವ ಮೊದಲು ಸಾಲು ಓದಬೇಕು, ಅದು ಅಳುವ ಮೊದಲು ಬರೆದುಕೊಳ್ಳಬೇಕು, ಕಾಲೇಜಿನ ಗಂಟೆ ಹೊಡೆಯುವ ಮೊದಲು ಓಡಬೇಕು. ಪುಸ್ತಕವನ್ನು ಮನೆಗೆ ಕೊಡುತ್ತಿರಲಿಲ್ಲ.

ಅವತ್ತು ಸಂಜೆ ಮನೆಯಲ್ಲಿ, ಮಂಚದ ಕೆಳಗಿನ ಚೀಟಿಗಳ ಟ್ರಂಕನ್ನು ಎಳೆಯಲು ಅತ್ತೆ ಕೈ ಜೋಡಿಸಿದರು. ಅವರಿಗೆ ಓದು ಬಾರದು, ಆದರೆ ಕಿವಿ ಚುರುಕು, ಕುತೂಹಲ ಇನ್ನೂ ಚುರುಕು. ಸೊಸೆ ಒಂದೊಂದೇ ಚೀಟಿ ಓದುತ್ತಾ ಹೋದಳು, ಅತ್ತೆ ಅದನ್ನು ಗುಡ್ಡೆ ಮಾಡುತ್ತಾ ಹೋದರು. ‘ಕೆಂಪು, ಇಲಿ ಕಡಿದದ್ದು, ಪುಟ ೪೮.’ ‘ಕಂದು ತೆಳ್ಳನೆಯದು, ಚಹಾದ ಬಟ್ಟಲಿನ ಗುರುತು, ಪುಟ ೯.’ ‘ಕಪ್ಪು, ಬೆನ್ನು ಹರಿದದ್ದು, ಮೇಲಿನ ಹಲಗೆಯ ಎಡತುದಿ.’ ನಾಲ್ಕಾರು ಚೀಟಿ ಓದುವಷ್ಟರಲ್ಲಿ ಅವಳ ದನಿ ಸಣ್ಣಗಾಗಿತ್ತು. ಒಂದು ಚೀಟಿಯಲ್ಲಾದರೂ ಪುಸ್ತಕದ ಹೆಸರಿರಲಿಲ್ಲ. ಬರೆದವರ ಹೆಸರಿರಲಿಲ್ಲ. ಪುಟ ಇತ್ತು, ಬಣ್ಣ ಇತ್ತು, ವಾಸನೆ ಕೂಡ ಇತ್ತು.

ಬೇರೆ ಯಾರೂ ಮಾಡದ ಈ ತಪ್ಪನ್ನು ಅವಳೇ ಯಾಕೆ ಮಾಡಿದಳು ಎಂದರೆ, ಅದಕ್ಕೆ ಅವಳು ಬೆಳೆದ ಅಡುಗೆಮನೆಯೇ ಕಾರಣ. ಅವಳ ತಾಯಿ ಒಂದು ಹಾಸ್ಟೆಲಿನಲ್ಲಿ ಅಡುಗೆಯವಳಾಗಿದ್ದಳು. ಗೋಡೆಯುದ್ದಕ್ಕೂ ಡಬ್ಬಿಗಳು, ಒಂದಕ್ಕೂ ಹೆಸರಿನ ಚೀಟಿ ಇಲ್ಲ. ಮುಚ್ಚಳ ನೆಗ್ಗಿದ್ದು ಉಪ್ಪು, ಹಿಡಿ ಮುರಿದದ್ದು ಸಕ್ಕರೆ, ತುಕ್ಕು ಹಿಡಿದದ್ದು ಹಿಟ್ಟು. ತಾಯಿ ಒಲೆಯ ಮುಂದಿನಿಂದಲೇ ಕೂಗಿದರೆ ಮಗಳು ಕಣ್ಣು ಮುಚ್ಚಿಕೊಂಡು ತಂದುಕೊಡುತ್ತಿದ್ದಳು. ಮನೆಯ ಡಬ್ಬಿಗೆ ಯಾರಾದರೂ ಹೆಸರು ಬರೆದಿಡುತ್ತಾರೆಯೇ? ಲೈಬ್ರರಿಯೂ ಅವಳಿಗೆ ಅಷ್ಟೇ ಮನೆಯಾಗಿತ್ತು. ಹೋಗಿ ನಿಂತರೆ ಯಾವುದು ಯಾವುದೆಂದು ಕೈಗೆ ತಾನೇ ತಿಳಿಯುತ್ತಿತ್ತು.

“ಅಷ್ಟಕ್ಕೇ ಯಾಕೆ ಮುಖ ಸಪ್ಪೆ ಮಾಡ್ಕೋತೀಯ?” ಎಂದರು ಅತ್ತೆ. “ಡಬ್ಬಿ ಗುರುತಿದೆ ತಾನೇ? ಹೋಗಿ ಮುಚ್ಚಳ ತೆಗೆದು ಹೆಸರು ಬರ್ಕೊಂಡು ಬಾ.”

ಮಾತು ಸರಿಯಾಗಿಯೇ ಇತ್ತು. ಮಾರನೆಯ ದಿನ ಚೀಟಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋದಳು. ಪ್ರಬಂಧ ಬರೆಯಲು ಕೂತಮೇಲೆ ಒಂದು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ಬಾಗಿಲಲ್ಲೇ ಹೊಸ ಬಣ್ಣದ ವಾಸನೆ. ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು.

ಎರಡೂ ಕೋಣೆಗಳ ತುಂಬ, ನೆಲದಿಂದ ಸೂರಿನವರೆಗೆ, ಎಲ್ಲ ಪುಸ್ತಕಗಳೂ ನೀಲಿಯಾಗಿದ್ದವು. ಒಂದೇ ನೀಲಿ. ಒಂದೇ ಬಟ್ಟೆ. ಬೆನ್ನಿನ ಮೇಲೆ ಬಿಳಿಯಲ್ಲಿ ಒಂದೊಂದು ಸಂಖ್ಯೆ. ಕೆಂಪು ಇರಲಿಲ್ಲ, ಕಂದು ಇರಲಿಲ್ಲ, ಇಲಿ ಕಡಿದದ್ದನ್ನು ನೀಟಾಗಿ ಕತ್ತರಿಸಿ ಸರಿಮಾಡಲಾಗಿತ್ತು. ಕಿಟಕಿ ಪಕ್ಕದ ಹಲಗೆಗಳನ್ನು ಬಾಗಿಲಿನ ಕಡೆಗೆ ಸಾಗಿಸಿದ್ದರು. ಎಂದೂ ಕಾಣದ ಊರಿನಲ್ಲಿ ಬಸ್ಸಿನಿಂದ ಇಳಿದವಳ ಹಾಗೆ ಅವಳು ಅತ್ತ ಇತ್ತ ನೋಡಿದಳು.

ಹೊಸದಾಗಿ ಬಂದಿದ್ದ ಲೈಬ್ರರಿಯವನು ಎದ್ದು ಬಂದು, ಹೇಗಿದೆ ಮೇಡಂ, ಮೊದಲು ಗುಜರಿ ಅಂಗಡಿಯ ಹಾಗಿತ್ತು ಎಂದು ಹೆಮ್ಮೆಪಟ್ಟ. ಈಗ ಎಲ್ಲ ಕಂಪ್ಯೂಟರಿನಲ್ಲಿದೆಯಂತೆ, ಹೆಸರು ಹೇಳಿದರೆ ಸಾಕು, ಚಿಟಿಕೆ ಹೊಡೆಯುವುದರಲ್ಲಿ ತೆಗೆದುಕೊಡುತ್ತಾನಂತೆ. ಅವಳು ಹೆಸರು ಗೊತ್ತಿಲ್ಲ, ಹಸಿರಾಗಿತ್ತು ಎಂದಳು.

“ಮೇಡಂ, ತರಕಾರಿ ಕೇಳಿದ ಹಾಗೆ ಕೇಳ್ತಿದ್ದೀರಲ್ಲ,” ಎಂದ, ನಗುತ್ತಾ. ಅವಳ ಮುಖ ನೋಡಿ ನಗು ನಿಲ್ಲಿಸಿದ.

ಹಸಿರನ್ನೇ ಮೊದಲು ಕೇಳಿದ್ದಕ್ಕೆ ಕಾರಣವಿತ್ತು. ಅವಳ ಪ್ರಬಂಧ ಊರಿಗೆ ನೀರು ಬಂದ ಕಥೆ. ಬಾವಿಗಳಿದ್ದ ಕಾಲ, ನೀರು ಹೊತ್ತು ಮಾರುತ್ತಿದ್ದ ಕಾಲ, ಆಮೇಲೆ ಬೀದಿಗೆ ಮೊದಲ ಕೈಪಂಪು ಬಂದ ಕಾಲ. ಆ ಪಂಪಿಗೆ ನಗರಸಭೆಯವರು ಬೀಗ ಹಾಕಿದ್ದರು. ದೊಡ್ಡ ಮನೆಗಳವರು ತುಂಬಿಸಿಕೊಂಡ ಮೇಲೆ ಬೀಗ, ಕೆಳಗಿನ ಓಣಿಯವರಿಗೆ ಇಲ್ಲ. ಆ ಬೀಗ ತೆರೆದದ್ದು ಹೇಗೆ ಎನ್ನುವುದೇ ಮೂರನೆಯ ಅಧ್ಯಾಯ. ನಗರಸಭೆಯ ವರದಿಯಲ್ಲಿ ಒಂದೇ ಸಾಲಿದೆ: ಅಧ್ಯಕ್ಷರು ಬಡವರ ಮೇಲಿನ ಕರುಣೆಯಿಂದ ಬೀಗ ತೆಗೆಸಿದರು. ಆದರೆ ಆ ಹಸಿರು ಪುಸ್ತಕದಲ್ಲಿ, ಆ ಕಾಲದಲ್ಲೇ ಇದ್ದ ಯಾರೋ ಒಬ್ಬ ವೈದ್ಯರು ಕಣ್ಣಾರೆ ಕಂಡದ್ದನ್ನು ಬರೆದಿದ್ದರು. ಓಣಿಯ ಹೆಂಗಸರು ಖಾಲಿ ಕೊಡಗಳನ್ನು ಮಗ್ಗುಲಲ್ಲಿಟ್ಟುಕೊಂಡು ಪಂಪಿನ ಸುತ್ತ ಕೂತುಬಿಟ್ಟರು. ಬೈಯಲಿಲ್ಲ, ಅಳಲಿಲ್ಲ, ಏಳಲೂ ಇಲ್ಲ. ಒಬ್ಬಳು ಅಲ್ಲೇ ಹೆತ್ತಳು. ಕೂಸನ್ನು ತೊಳೆಯಲು ನೀರಿಲ್ಲವೆಂದಾಗ, ಕಾವಲುಗಾರನೇ ಕಲ್ಲು ತಂದು ಬೀಗ ಒಡೆದ.

ಇದನ್ನು ಓದಿದ ದಿನ ಅವಳ ಮಡಿಲಲ್ಲಿ ಮಗಳು ನಿದ್ದೆಹೋಗಿದ್ದಳು. ಮಾತ್ರೆಯ ಪೊಟ್ಟಣದ ಬೆನ್ನಿಗೆ ಬರೆದುಕೊಂಡಿದ್ದಳು: ‘ಹಸಿರು, ದಪ್ಪ, ಸೀಮೆಎಣ್ಣೆ ವಾಸನೆ, ಕಿಟಕಿ ಕಡೆ ಕೆಳಗಿನ ಹಲಗೆ, ಪುಟ ೨೧೪.’ ಇಷ್ಟು ವರ್ಷ ಪ್ರಬಂಧ ಬರೆದದ್ದೇ ಆ ಹೆಂಗಸರಿಗಾಗಿ ಎಂದರೂ ತಪ್ಪಿಲ್ಲ. ಅವರಿಲ್ಲದಿದ್ದರೆ ಉಳಿಯುವುದು ಅಧ್ಯಕ್ಷರ ಕರುಣೆ.

ಪುಸ್ತಕಗಳಿಗೆ ನೀಲಿ ರಟ್ಟು ಕಟ್ಟಿದವನು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿದ್ದ. ಬಾಗಿಲ ತುಂಬ ಅಂಟಿನ ಹುಳಿ ವಾಸನೆ, ನೆಲದ ತುಂಬ ಕಾಗದದ ಅಂಚು. ಅವನಿಗೆ ಹಸಿರು ಪುಸ್ತಕ ನೆನಪಿರಲಿಲ್ಲ. ಎಷ್ಟೋ ಹಸಿರು ಬಂದವು, ಎಷ್ಟೋ ಹೋದವು, ನಾನೇನು ಓದಿ ಕಟ್ಟುತ್ತೇನೆಯೇ ಎಂದ. ಹಳೆಯ ರಟ್ಟುಗಳೆಲ್ಲ ಅವನ ಮನೆಯಲ್ಲಿ ಸ್ನಾನದ ನೀರು ಕಾಯಿಸಿದ್ದವು. ಅವಳು ಎದ್ದು ಹೊರಡುವಾಗ, ಹೊಲಿಗೆ ನಿಲ್ಲದಷ್ಟು ಜೀರ್ಣವಾದ ಪುಸ್ತಕಗಳನ್ನು ಏನು ಮಾಡಿದಿರಿ ಎಂದು ಕೇಳಿದಳು.

“ಅವುಗಳನ್ನ ಲೈಬ್ರರಿಯವರೇ ಬೇಡ ಅಂದ್ರಕ್ಕಾ. ಬಿಸಾಕೋದು ಯಾಕೆ, ಹಾಳೆ ಹರಿದು ಬೇರೆ ಪುಸ್ತಕದ ಬೆನ್ನಿಗೆ ಒಳಗಡೆಯಿಂದ ಅಂಟಿಸಿದೆ. ಬೆನ್ನು ಗಟ್ಟಿ ನಿಲ್ಬೇಕಂದ್ರೆ ಒಳಗೆ ಹಳೇ ಕಾಗದ ಒತ್ತು ಕೊಡ್ಬೇಕು.” ಅವಳು ಹೊಸ್ತಿಲಲ್ಲೇ ನಿಂತದ್ದು ನೋಡಿ, “ಯಾಕಕ್ಕಾ, ಅದರಲ್ಲಿ ನಿಮ್ಮ ದುಡ್ಡು ಗಿಡ್ಡು ಇಟ್ಟಿದ್ರಾ?” ಎಂದ.

ಹುಡುಕುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ದಿನಾ ಮಧ್ಯಾಹ್ನ ಲೈಬ್ರರಿಗೆ ಹೋಗಿ ನೀಲಿ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ನೋಡತೊಡಗಿದಳು. ರಟ್ಟು ಹೋದರೂ ಒಳಗಿನ ಕಲೆ ಹೋಗುವುದಿಲ್ಲವಲ್ಲ. ಚಹಾದ ಬಟ್ಟಲಿನ ಉಂಗುರ ಮೊದಲು ಸಿಕ್ಕಿತು. ಆಮೇಲೆ ಇಲಿಯ ಹಲ್ಲಿನ ಗುರುತು, ಕತ್ತರಿಗೆ ಸಿಗದೆ ಉಳಿದ ಒಂದು ಮೂಲೆಯಲ್ಲಿ. ಒಂದರಲ್ಲಿ ಅವಳ ಕೂಸು ಅಂದು ಹಿಡಿದು ಎಳೆದಿದ್ದ ಹಾಳೆಯ ಸುಕ್ಕು ಹಾಗೇ ಇತ್ತು. ಅದನ್ನು ಕಂಡು ಅವಳಿಗೆ ಅಳು ಬಂತು. ಸಿಕ್ಕಿದ್ದರ ಹೆಸರು, ಬರೆದವರು, ಅಚ್ಚು ಹಾಕಿದವರು, ವರ್ಷ, ಎಲ್ಲವನ್ನೂ ಗುಂಡಗೆ ಬರೆದುಕೊಂಡು, ಸಂಜೆ ಮನೆಗೆ ಬಂದು ಅತ್ತೆಗೆ ವರದಿ ಒಪ್ಪಿಸುತ್ತಿದ್ದಳು. ಇಲಿ ಕಡಿದದ್ದು ಸಿಕ್ಕಿತು ಅತ್ತೆ. ಅದರ ಹೆಸರೇನಂತೆ? ಹೆಸರು ಕೇಳಿ ಅತ್ತೆ, ಇಷ್ಟು ದೊಡ್ಡ ಹೆಸರಿಟ್ಟುಕೊಂಡು ಇಲಿ ಬಾಯಿಗೆ ಬಿತ್ತಲ್ಲ ಎನ್ನುತ್ತಿದ್ದರು.

ಹಸಿರಿನದಕ್ಕೆ ಬೇರೆ ಉಪಾಯ ಮಾಡಿದಳು. ದಪ್ಪ ಪುಸ್ತಕವೆಂದರೆ ಸಾಕು, ತೆಗೆದು ನೇರ ಇನ್ನೂರ ಹದಿನಾಲ್ಕನೆಯ ಪುಟ ಬಿಡಿಸುವುದು. ಕೊಡ ಎಂಬ ಮಾತಿದೆಯೇ, ಬೀಗ ಎಂಬ ಮಾತಿದೆಯೇ ನೋಡುವುದು. ಇಲ್ಲವಾದರೆ ಮುಂದಿನದು. ಆ ಪುಟದಲ್ಲಿ ಅವಳಿಗೆ ರಾಜರ ಮದುವೆಗಳು ಸಿಕ್ಕವು, ದನದ ಕಾಯಿಲೆಗಳು ಸಿಕ್ಕವು, ನಕ್ಷತ್ರಗಳ ದೂರ ಸಿಕ್ಕಿತು. ಕೊಡದ ಹೆಂಗಸರು ಸಿಗಲಿಲ್ಲ. ಕೆಲವು ಸಲ ಪುಸ್ತಕವನ್ನು ಮೂಗಿಗೆ ಹಿಡಿದು ವಾಸನೆ ನೋಡುತ್ತಿದ್ದಳು. ಎಲ್ಲಕ್ಕೂ ಹೊಸ ಅಂಟಿನ ವಾಸನೆ. ದೂರದಿಂದ ನೋಡುತ್ತಿದ್ದ ಲೈಬ್ರರಿಯವನು ಈಗ ತಮಾಷೆ ಮಾಡುತ್ತಿರಲಿಲ್ಲ, ತಾನೇ ಬಂದು ಏಣಿ ಹಿಡಿಯುತ್ತಿದ್ದ.

ಮನೆ ಅವಳ ಕೈತಪ್ಪಿತ್ತು. ಮಗಳು ಎಣ್ಣೆ ಕಾಣದ ತಲೆಯಲ್ಲೇ ಶಾಲೆಗೆ ಹೋದಳು. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿದರೂ ಅವಳಿಗೆ ಗೊತ್ತಾಗಲಿಲ್ಲ. ತರಗತಿಯಲ್ಲಿ ಮಾತಾಡುತ್ತಾ ಮಾತಾಡುತ್ತಾ ನಿಂತುಬಿಡುತ್ತಿದ್ದಳು, ಹಿಂದಿನ ಬೆಂಚಿನವರು ಕಿಸಕ್ಕೆಂದರೆ ಎಚ್ಚರವಾಗುತ್ತಿತ್ತು. ಗಂಡ ಒಂದು ಬೆಳಿಗ್ಗೆ, ಕಣ್ಣಿಗೆ ಒತ್ತಿಕೊಳ್ಳುವ ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟು, ನಿನಗಾದರೂ ಉಪಯೋಗಕ್ಕೆ ಬರಲಿ ಎಂದ. ಅವನು ತಮಾಷೆಗೆ ಹೇಳಿದ್ದು. ಇಬ್ಬರೂ ನಗಲಿಲ್ಲ.

ತಿಂಗಳು ಮುಗಿಯುತ್ತಾ ಬಂತು. ಉಳಿದ ಚೀಟಿಗಳೆಲ್ಲ ಹೆಚ್ಚುಕಡಿಮೆ ತೀರಿದ್ದವು. ಮಾತ್ರೆಯ ಪೊಟ್ಟಣ ಒಂದೇ ಕೈಯಲ್ಲಿ ಉಳಿದಿತ್ತು.

ಟೈಪಿಂಗ್ ಅಂಗಡಿಯ ಅಕ್ಕ ಇಂಥವರನ್ನು ಬೇಕಾದಷ್ಟು ಕಂಡವಳು. ಊರಿನ ಅರ್ಧ ಪ್ರಬಂಧಗಳು ಅವಳ ಬೆರಳಿನಲ್ಲೇ ಹಾದುಹೋಗಿದ್ದವು. ಇವಳ ಮುಖ ನೋಡಿದವಳೇ ಸ್ಟೂಲು ಎಳೆದು ಕೂರಿಸಿ, ಒಂದೇ ಒಂದಕ್ಕೆ ಯಾಕೆ ಇಷ್ಟು ಒದ್ದಾಟ ಎಂದು ಕೇಳಿದಳು. ಅವಳ ಹತ್ತಿರ ಹಳೆಯ ಪ್ರಬಂಧಗಳ ಪುಸ್ತಕಪಟ್ಟಿಗಳೆಲ್ಲ ಇದ್ದವಂತೆ. ಯಾರೂ ಕಂಡಿರದ, ಕೇಳಿರದ ಒಂದು ಹಳೆಯ ಪುಸ್ತಕವನ್ನು ಎತ್ತಿ ಇಲ್ಲಿಗೆ ಇಟ್ಟರಾಯಿತು.

“ಯಾವುದೋ ದೂರದೇಶದ ಲೈಬ್ರರೀಲಿ ಒಂದೇ ಪ್ರತಿ ಇದೆ ಅಂತ ಹಾಕೋಣ ಕಣ್ರೀ. ಪುಟ ನೋಡೋಕೆ ಯಾರು ವಿಮಾನ ಹತ್ತಿ ಹೋಗ್ತಾರೆ? ಆ ಹೆಂಗಸರು ಕೂತಿದ್ದು ನಿಜ ತಾನೇ?”

“ನಿಜ.”

“ಮತ್ತೆ? ನಿಜಕ್ಕೆ ಒಂದು ಸುಳ್ಳು ಅಂಗಿ ತೊಡಿಸಿದ್ರೆ ಏನಾಯ್ತು, ಬರಿಮೈಲಿ ಕಳಿಸೋದಕ್ಕಿಂತ ವಾಸಿ.”

ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅಕ್ಕ ಅದನ್ನೇ ಹೂಂ ಎಂದುಕೊಂಡು ಟೈಪು ಮಾಡಿದಳು. ಅಚ್ಚಾಗಿ ಬಂದ ಪಟ್ಟಿಯಲ್ಲಿ ಆ ಸುಳ್ಳು ಸಾಲೇ ಎಲ್ಲಕ್ಕಿಂತ ಅಂದವಾಗಿ ಕಾಣುತ್ತಿತ್ತು. ಹೆಸರು, ಊರು, ವರ್ಷ, ಯಾವುದಕ್ಕೂ ಒಂದು ಕುಂದಿರಲಿಲ್ಲ.

ಅವತ್ತು ಸಂಜೆ ಅತ್ತೆಗೆ ಸಂಭ್ರಮ. ಪಟ್ಟಿ ಓದಿ ಹೇಳು, ಇಷ್ಟು ದಿನ ಗುಡ್ಡೆ ಹಾಕಿದವಳು ನಾನು, ಕೇಳುತ್ತೇನೆ ಎಂದು ಗೋಡೆಗೆ ಒರಗಿ ಕಾಲು ಚಾಚಿ ಕೂತರು. ಅವಳು ಒಂದೊಂದೇ ಓದಿದಳು. ಒಂದೊಂದಕ್ಕೂ ಅತ್ತೆ, ಇದು ಯಾವ ಡಬ್ಬಿ ಎಂದು ಕೇಳುತ್ತಿದ್ದರು. ಇದು ಚಹಾದ ಕಲೆಯದು. ಇದು ಬೆನ್ನು ಹರಿದದ್ದು. ಇದು ನಿಮ್ಮ ಮೊಮ್ಮಗಳು ಹಾಳೆ ಎಳೆದದ್ದು. ಅತ್ತೆ ತಲೆಯಾಡಿಸುತ್ತಾ, ಹಳೆಯ ನೆಂಟರ ಕ್ಷೇಮ ಕೇಳಿದ ಹಾಗೆ ಕೇಳುತ್ತಾ ಹೋದರು. ಸುಳ್ಳು ಸಾಲು ಬಂತು. ಅವಳು ಅದನ್ನೂ ಓದಿದಳು.

“ಇದು ಯಾವ ಡಬ್ಬಿ?”

ಉಳಿದ ಎಲ್ಲಕ್ಕೂ ಒಂದು ರಟ್ಟಿತ್ತು, ಒಂದು ಕಲೆ ಇತ್ತು, ಅವಳ ಕೈ ಮುಟ್ಟಿದ ನೆನಪಿತ್ತು. ಇದಕ್ಕೆ ಏನೂ ಇರಲಿಲ್ಲ.

“ಹಸಿರು, ಅತ್ತೆ. ಸೀಮೆಎಣ್ಣೆಯದು.”

“ಸಿಕ್ತಾ?” ಅತ್ತೆ ಎದ್ದು ಕೂತರು. “ಅಯ್ಯೋ, ಮೊದಲೇ ಹೇಳಬಾರದಾ? ನೋಡು, ಆ ಹೆಣ್ಮಕ್ಕಳು ಎಲ್ಲಿಗೆ ಹೋಗ್ತಾರೆ, ಕೂತಲ್ಲಿಂದ ಏಳೋ ಪೈಕಿ ಅಲ್ಲ ಅವರು.” ಒಳಗೆ ಹೋಗಿ, ಮೊಮ್ಮಗಳಿಗೆಂದು ಎತ್ತಿಟ್ಟಿದ್ದ ಸಕ್ಕರೆಯಲ್ಲಿ ಒಂದು ಚಮಚ ತಂದು ಸೊಸೆಯ ಬಾಯಿಗೆ ಹಾಕಿದರು. ಅವಳು ಅದನ್ನು ಜಗಿಯುತ್ತಲೇ ಪಟ್ಟಿಯನ್ನು ಮಡಚಿದಳು.

ಕೊನೆಯ ದಿನ ಬೆಳಿಗ್ಗೆ ಗೈಡು ಮೂರನೆಯ ಅಧ್ಯಾಯವನ್ನು ಬಿಡಿಸಿ, ಹಿಂದಿನ ಪಟ್ಟಿಯನ್ನೂ ನೋಡಿ, ಮೊದಲ ಸಲ ಮುಖ ಅರಳಿಸಿದರು. ಸಿಕ್ಕಿತಲ್ಲ, ಇಂಥದ್ದೊಂದು ಪುಸ್ತಕ ಇದೆಯೆಂದು ನನಗೇ ಗೊತ್ತಿರಲಿಲ್ಲ ಎಂದು ಪೆನ್ನಿನ ಮುಚ್ಚಳ ತೆಗೆದರು. ಸಹಿ ಬಿದ್ದರೆ ಮುಗಿಯಿತು. ಪದವಿ, ಕೆಲಸ, ಗಂಡನ ಕಣ್ಣಿನ ಆಸ್ಪತ್ರೆ, ಎಲ್ಲವೂ ಆ ಪೆನ್ನಿನ ಮೊನೆಯಲ್ಲಿ ನಿಂತಿದ್ದವು.

“ಸರ್, ಅದು ಸುಳ್ಳು,” ಎಂದಳು. ತನ್ನ ದನಿ ತನಗೇ ಪಕ್ಕದ ಕೋಣೆಯಿಂದ ಬಂದ ಹಾಗಿತ್ತು.

ಅವರು ಪೆನ್ನನ್ನು ಹಾಗೇ ಹಿಡಿದು ಕೂತರು. ಅವಳು ಎಲ್ಲ ಹೇಳಿದಳು, ಡಬ್ಬಿಯ ಲೆಕ್ಕ, ನೀಲಿ ರಟ್ಟು, ಕಟ್ಟುವವನು, ಎಲ್ಲ. ಓದಿದ್ದು ಮಾತ್ರ ನಿಜ, ಈ ಕಣ್ಣಿನಿಂದಲೇ ಓದಿದ್ದೇನೆ, ಹಾಗೆಂದೇ ಬರೆಯುತ್ತೇನೆ, ಪುಸ್ತಕ ಈಗ ಸಿಗುತ್ತಿಲ್ಲ ಎಂದು ಬರೆಯುತ್ತೇನೆ, ಆಗದೇ ಎಂದು ಕೇಳಿದಳು. ಗೈಡು ಕೆಟ್ಟವರಲ್ಲ. ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು. ಹಾಗೆ ಬರೆದರೆ ಪರೀಕ್ಷಕರು ತಿದ್ದಲು ವಾಪಸ್ ಕಳಿಸುತ್ತಾರೆ, ವಾಪಸ್ ಬಂದದ್ದನ್ನು ಮತ್ತೆ ಕೊಡಲು ನಿನಗೆ ಅವಧಿ ಇಲ್ಲ ಎಂದರು. ಉಳಿದದ್ದು ಒಂದೇ ದಾರಿ. ಆ ಹೆಂಗಸರನ್ನು ತೆಗೆದುಹಾಕುವುದು.

“ತೆಗೆದ್ರೆ ಬೀಗ ಹೇಗೆ ತೆರೀತು ಅಂತ ಬರೀಲಿ ಸರ್?”

“ನಗರಸಭೆ ವರದಿ ಇದೆಯಲ್ಲಮ್ಮ.”

“ಅದೂ ಸುಳ್ಳೇ ಸರ್. ಕರುಣೆಯಂತೆ.”

“ಇರಬಹುದು,” ಎಂದರು ಗೈಡು, ಅವಳ ಮುಖ ನೋಡದೆ. “ಆದ್ರೆ ಅದಕ್ಕೆ ಪುಟ ಇದೆ.”

ಟೈಪಿಂಗ್ ಅಂಗಡಿಯಲ್ಲಿ ಅಕ್ಕನ ಪಕ್ಕದ ಸ್ಟೂಲಿನ ಮೇಲೆ ಕೂತು ಅವಳು ಒಂದೊಂದೇ ಸಾಲು ತೋರಿಸಿದಳು, ಅಕ್ಕ ಅಳಿಸಿದಳು. ಮೊದಲು ಕೊಡಗಳು ಹೋದವು. ಆಮೇಲೆ ಹೆತ್ತವಳು ಹೋದಳು. ಕಲ್ಲು ತಂದ ಕಾವಲುಗಾರನ ಹತ್ತಿರ ಬಂದಾಗ ಅಕ್ಕನ ಬೆರಳು ನಿಂತಿತು. ಇವನೊಬ್ಬನನ್ನಾದರೂ ಬಿಡೋಣವೇ ಎಂದಳು. ಬೇಡ, ಅವರಿಲ್ಲದೆ ಇವನಿಗೇನು ಕೆಲಸ ಎಂದಳು ಅವಳು. ಆ ಜಾಗದಲ್ಲಿ ಒಂದು ಸಾಲು ಬಂತು, ಅಧ್ಯಕ್ಷರು ಬಡವರ ಮೇಲಿನ ಕರುಣೆಯಿಂದ ಬೀಗ ತೆಗೆಸಿದರು, ಅದರ ಬಾಲಕ್ಕೆ ವರದಿಯ ಹೆಸರು, ವರ್ಷ, ಪುಟ. ಕಚೇರಿಯ ಬಾಗಿಲು ಮುಚ್ಚುವ ಮೊದಲು ಪ್ರಬಂಧ ಒಳಗೆ ಹೋಯಿತು.

ಮನೆಗೆ ಬಂದು ಅತ್ತೆಗೆ ನಿಜ ಹೇಳಿದಳು. ಸಿಕ್ಕಿರಲಿಲ್ಲ ಎಂದೂ ಹೇಳಿದಳು, ತೆಗೆದುಹಾಕಿದೆ ಎಂದೂ ಹೇಳಿದಳು. ಬೈಯುತ್ತಾರೆ ಎಂದುಕೊಂಡಿದ್ದಳು. ಅತ್ತೆ ಮಂಡಿ ಉಜ್ಜಿಕೊಂಡರು.

“ನನ್ನ ಹೆಸರು ಹಾಕಬಾರದಿತ್ತೇನೇ? ನಾನೇ ನೋಡಿದೆ ಅಂತ ಹೇಳ್ತಿದ್ದೆ.”

“ನೀವು ಆಗ ಹುಟ್ಟೇ ಇರಲಿಲ್ಲವಲ್ಲ ಅತ್ತೆ.”

“ನನ್ನ ವಯಸ್ಸು ಯಾರಿಗೆ ಗೊತ್ತು? ನನಗೇ ಗೊತ್ತಿಲ್ಲ.” ಆಮೇಲೆ ದನಿ ತಗ್ಗಿಸಿ, “ಸುಳ್ಳು ಹೇಳಿದ್ದಕ್ಕೆ ನನಗೇನೂ ಬೇಜಾರಿಲ್ಲ ಕಣೇ. ನಿಜ ಹೇಳಿ ಅವರನ್ನ ಎಬ್ಬಿಸಿ ಕಳಿಸಿದೆಯಲ್ಲ, ಅದೇ,” ಎಂದರು.

ಪದವಿ ಬಂತು. ಕೆಲಸ ಉಳಿಯಿತು. ಗಂಡನ ಒಂದು ಕಣ್ಣಿಗೆ ಆಪರೇಷನ್ ಆಯಿತು, ಅವನು ಮತ್ತೆ ಮೊಳೆಗಳನ್ನು ಒಂದೊಂದಾಗಿಯೇ ಕಾಣತೊಡಗಿದ. ಕಾಲೇಜಿನವರು ಅವಳ ಪ್ರಬಂಧವನ್ನು ಮೆಚ್ಚಿ, ಊರಿನ ನೀರಿನ ಕಥೆಯ ಒಂದು ಪುಟ್ಟ ಪಾಠ ಬರೆಸಿ ಮಕ್ಕಳಿಗೆ ಹಂಚಿದರು. ಒಂದು ದಿನ ತರಗತಿಯಲ್ಲಿ ಒಬ್ಬಳು ಹುಡುಗಿ ಎದ್ದು, ಬೀಗ ತೆಗೆಸಿದವರು ಯಾರು ಎಂಬ ಪ್ರಶ್ನೆಗೆ ಒಂದೇ ಉಸಿರಿನಲ್ಲಿ ಅಧ್ಯಕ್ಷರ ಹೆಸರು ಹೇಳಿದಳು. ಸರಿಯಾದ ಉತ್ತರವೇ. ಇಡೀ ತರಗತಿ ಚೀಟಿ ಟೀಚರ್ ಭೇಷ್ ಎನ್ನುತ್ತಾಳೆಂದು ಕಾಯಿತು. ಅವಳು ಕಪ್ಪು ಹಲಗೆಯ ಕಡೆ ತಿರುಗಿ, ಒರೆಸಲು ಏನೂ ಇಲ್ಲದ ಹಲಗೆಯನ್ನು ಒರೆಸಿದಳು.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಈಗಲೂ ಲೈಬ್ರರಿಗೆ ಹೋಗುತ್ತಾಳೆ. ಈಗ ಪುಟ ಬಿಡಿಸಿ ನೋಡುವುದಿಲ್ಲ. ನೀಲಿ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಅಗಲ ಮಾಡುತ್ತಾಳೆ. ಹಾಳೆಗಳ ಕಟ್ಟಿಗೂ ಬಟ್ಟೆಯ ಬೆನ್ನಿಗೂ ನಡುವೆ ಒಂದು ಸಂದು ಬಾಯಿ ಬಿಡುತ್ತದೆ. ಗಂಡ ಕೊಟ್ಟ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು, ಬಾವಿಯೊಳಗೆ ಬಗ್ಗುವ ಹಾಗೆ ಆ ಕತ್ತಲೊಳಗೆ ನೋಡುತ್ತಾಳೆ. ಒಳಗೆ ಅಂಟು ಮೆತ್ತಿದ ಹಳೆಯ ಕಾಗದ ಕಾಣುತ್ತದೆ. ಕೆಲವು ಸಲ ಅಕ್ಷರವೂ ಕಾಣುತ್ತದೆ, ಅರ್ಧ ಪದ, ತಲೆಕೆಳಗಾದ ಒಂದು ಸಾಲಿನ ತುದಿ. ಹರಿಯುವ ಹಾಗಿಲ್ಲ, ಅದು ಲೈಬ್ರರಿಯ ಪುಸ್ತಕ. ಓದಲು ಆಗುವುದಿಲ್ಲ. ಪುಸ್ತಕವನ್ನು ಮುಚ್ಚಿ, ಅದರ ಹೆಸರು, ಬರೆದವರು, ವರ್ಷ, ಬೆನ್ನಿನ ಸಂಖ್ಯೆ, ಎಲ್ಲವನ್ನೂ ಒಂದು ಚೀಟಿಯಲ್ಲಿ ಗುಂಡಗೆ ಬರೆದು ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಆಮೇಲೆ ಪಕ್ಕದ ನೀಲಿಗೆ ಕೈ ಹಾಕುತ್ತಾಳೆ, ಕಾಲೇಜಿನ ಗಂಟೆ ಹೊಡೆಯುವವರೆಗೆ.